ಸೈರನ್ ಆದಮೇಲಿನ ಆಟ

ಗಾಲಿಕುರ್ಚಿ, ಊರುಗೋಲು ಬಾಡಿಗೆಗೆ ಕೊಡುವ ಅಂಗಡಿ. ಊರುಗೋಲು ವಾಪಸ್ ಕೊಡಲು ಕುಂಟುತ್ತಾ ಬಂದು ಸಾಲಿನಲ್ಲಿ ನಿಂತಿದ್ದ ಡ್ರೈವರ್‌ಗೆ ಇನ್ನೊಬ್ಬರ ಮನೆ ಮಾತು ಬೇಕಿರಲಿಲ್ಲ. ಹಾಗಂತ ಕಿವಿ ಮುಚ್ಚಿಕೊಂಡು ನಿಲ್ಲುವುದಕ್ಕಾಗುತ್ತದೆಯೇ? ಮುಂದೆ ಅಣ್ಣ, ತಂಗಿ. ನಡುವೆ ಖಾಲಿ ಗಾಲಿಕುರ್ಚಿ.

“ಅಪ್ಪ ನೆಮ್ಮದಿಯಾಗಿ ಹೋದ್ರು ಬಿಡಣ್ಣ. ರಗ್ಬಿ ವಿಶ್ವಕಪ್ ಶುರುವಾದಾಗಿಂದ ಒಂದು ಫೈನಲ್ಲೂ ತಪ್ಪಿಸಿದವರಲ್ಲ. ಇದರಲ್ಲೂ ಅವರು ‘ನಮ್ಮವರು’ ಅಂತಿದ್ದ ಟೀಮೇ ಗೆದ್ದಿದ್ದನ್ನ ನೋಡ್ಕೊಂಡೇ ಹೋದ್ರು.”

“ನಮ್ಮವರು ಗೆಲ್ಲಲಿಲ್ಲ ಕಣೇ.”

“ಟೈಮ್ ಮುಗಿದ ಸೈರನ್ ಆದಾಗ ನಾವೇ ಮುಂದಿದ್ವಿ ಅಂದ್ಯಲ್ಲ?”

“ಮುಂದಿದ್ವಿ. ಆಟ ಮುಗೀತು, ಅಪ್ಪ ಇನ್ನು ಮಲಗಲಿ ಅಂತ ಟಿವಿ ಆರಿಸ್ಬಿಟ್ಟೆ. ಈ ಆಟ ನಂಗೆಲ್ಲಿ ಗೊತ್ತು? ಸೈರನ್ ಆದ್ರೂ ಚೆಂಡು ಹೊರಗೆ ಹೋಗೋವರೆಗೂ ಆಡ್ತಾನೇ ಇರ್ತಾರಂತೆ. ಅಷ್ಟರಲ್ಲಿ ಆ ಕಡೆಯವರು ಗೆದ್ಬಿಟ್ರು. ಬೆಳಿಗ್ಗೆ ಪೇಪರ್ ನೋಡಿದೆ. ಆಗಲೇ ಅಪ್ಪ ಇರಲಿಲ್ಲ.”

“ಹೋಗ್ಲಿ ಬಿಡು. ಅಪ್ಪಂಗೂ ಗೊತ್ತಾಗಲಿಲ್ವಲ್ಲ, ಒಳ್ಳೇದೇ ಆಯ್ತು.”

“ಅಪ್ಪ ಇದೇ ಆಟಕ್ಕೆ ರೆಫರಿ ಆಗಿದ್ದವರು ಕಣೇ.”

ತಂಗಿ ಅಣ್ಣನ ಮುಖ ನೋಡಿದಳು.

“ಟಿವಿ ಆರಿಸಿದ ತಕ್ಷಣ ಕೈ ಎತ್ತಿದ್ರು. ಮಾತು ನಿಂತು ತಿಂಗಳಾಗಿತ್ತಲ್ಲ, ಖುಷಿಗೆ ಎತ್ತಿದ್ರು ಅಂದ್ಕೊಂಡು ನಾನು ಚಪ್ಪಾಳೆ ಹೊಡೆದೆ.”

“ಅಯ್ಯೋ, ಅಣ್ಣಾ...”

“ಮತ್ತೆ ಎತ್ತಿದ್ರು. ನಾನು ಮತ್ತೂ ಜೋರಾಗಿ ಹೊಡೆದೆ.”

ಅಷ್ಟರಲ್ಲಿ ಅವರ ಸರದಿ ಬಂತು. ಕೌಂಟರಿನಾಕೆ ತಲೆಯೆತ್ತಿ, “ಕುರ್ಚಿ ಕೆಲಸ ಮುಗೀತಾ ಸರ್?” ಅಂದಳು.

ಅಣ್ಣನ ಬಾಯಿಂದ ‘ಮುಗೀತು’ ಅನ್ನುವ ಮಾತು ಹೊರಡಲೇ ಇಲ್ಲ. ತಂಗಿಯೇ ಕುರ್ಚಿ ತಳ್ಳಿಕೊಂಡು ಮುಂದೆ ಹೋದಳು.