ಒದ್ದೆ ಎಲೆ

ಮಳೆ ಆಗಷ್ಟೇ ನಿಂತಿತ್ತು. ಕಸುಂಗು ಪಟ್ಟಣದಿಂದ ಹೊರಟ ಮಿನಿಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದವರು ಆಸ್ಪತ್ರೆಯಿಂದ ಬಂದ ಗಂಡ ಹೆಂಡತಿ. ಎಲುಬೆ ಎಂಬ ಆಕೆ ತುಂಬಿದ ಬಸುರಿ.

“ನಿನ್ನ ಮೂತ್ರದಲ್ಲಿ ನಿಕೋಟಿನ್ ಇದೆ ಅಂದ್ರು ನರ್ಸಮ್ಮ. ಯಾವಾಗಿಂದ ಸಿಗರೇಟು ಸೇದ್ತಿದ್ದೀಯ, ಎಲುಬೆ?”

“ಯಾವತ್ತೂ ಸೇದಿಲ್ಲ.”

“ಸೇದಿದ ಮೇಲೆ ಮೂರ್ನಾಲ್ಕು ದಿನ ಮೈಯಲ್ಲೇ ಇರುತ್ತಂತೆ. ಭಾನುವಾರ ನಾನು ಚರ್ಚಲ್ಲಿದ್ದಾಗ ಸೇದಿರ್ತೀಯ.”

“ಭಾನುವಾರ ನೀವು ಚರ್ಚಲ್ಲಿ ಹಾಡ್ತಿದ್ರಿ. ನಾನು ಬರಿಗೈಲಿ ಒದ್ದೆ ಹೊಗೆಸೊಪ್ಪು ಕೀಳ್ತಿದ್ದೆ.”

“ಸೊಪ್ಪು ಕಿತ್ರೆ ಮೂತ್ರಕ್ಕೆ ಬರುತ್ತಾ? ಯಾರಿಗೆ ಕತೆ ಹೇಳ್ತೀಯ?”

“ಬರುತ್ತೆ. ನೀವು ಸಿಟ್ಟು ಮಾಡ್ಕೊಂಡು ಎದ್ದುಹೋದ್ಮೇಲೆ ನರ್ಸಮ್ಮನೇ ಹೇಳಿದ್ರು. ಎಲೆ ಒದ್ದೆ ಇದ್ರೆ ರಸ ಚರ್ಮದೊಳಗೇ ಇಳಿಯುತ್ತಂತೆ. ಇಷ್ಟು ದಿನ ನಾನು ವಾಂತಿ ಮಾಡಿದ್ದೂ ಅದಕ್ಕೇ ಅಂತೆ.”

“ನಿಮ್ಮನೇಲಿ ನ್ಯಾಯ ಹೇಳೋದು ನಿನ್ನ ಸೋದರಮಾವ ತಾನೆ? ಅವರ ಮುಂದೇನೇ ಪಂಚಾಯ್ತಿ ಆಗ್ಲಿ.”

“ಆಗ್ಲಿ. ನೀವು ನಮ್ಮಮ್ಮನ ಊರಿಗೆ ಬಂದಿರೋ ಅಳಿಯ, ಹೊಲಾನೂ ನಮ್ಮಮ್ಮಂದೇ. ಇನ್ನು ನೀವೇ ಕೀಳಿ, ಬರಿಗೈಲಿ. ನಾಲ್ಕು ದಿನ ಕಿತ್ತು ಅದೇ ನರ್ಸಮ್ಮನಿಗೆ ಸಿಗರೇಟೇ ಮುಟ್ಟದ ನೀವೂ ಮೂತ್ರ ಕೊಡಿ. ಆಮೇಲೆ ಮಾವನೇ ಕೇಳ್ಲಿ, ಯಾರು ಸೇದಿದ್ದು ಅಂತ.”

ಆತ ಕಿಟಕಿಯ ಕಡೆ ತಿರುಗಿ ಕೂತ. ತಮ್ಮ ಹೊಗೆಸೊಪ್ಪಿನ ಹೊಲ ಕಂಡದ್ದೇ ಆಕೆ ಬಸ್ ನಿಲ್ಲಿಸಿದಳು.

“ಇಳೀರಿ. ಎಲೆ ಇನ್ನೂ ಒದ್ದೆ ಇದೆ.”