ಪಕ್ಕದ ಬಿಲ್ಲೆ

ಅದನ್ನೇ ಹೇಳ್ತಾ ಇದ್ದೀನಲ್ಲಕ್ಕಾ! ಭಾವ ಟೆಸ್ಟಲ್ಲಿ ಸ್ಪೀಡ್ ಜಾಸ್ತಿ ಇಟ್ಟಿದ್ದಕ್ಕೇ ಟರ್ಬೈನ್ ಚಕ್ರ ಸಿಡೀತು ಅಂತ ನಾನು ಬರೆದಿಲ್ಲ. ಲೋಹ ಸರಿಯಿದೆ ಅನ್ನೋ ನನ್ನ ರಿಪೋರ್ಟ್ ನೋಡಿ, ತಪ್ಪನ್ನ ಅವರ ತಲೆಗೆ ಕಟ್ಟಿದೋರು ಮೇಲಿನೋರು. ನಾನು ಈ ಲ್ಯಾಬಲ್ಲಿ ಲೋಹ ಉಜ್ಜಿ ಮೈಕ್ರೋಸ್ಕೋಪಲ್ಲಿ ನೋಡೋನು, ಅಷ್ಟೇ. ಕೂತ್ಕೋ... ಆ ಸ್ಟೂಲ್ ಬೇಡ, ಆಸಿಡ್ ಚೆಲ್ಲಿದೆ.

ಆಸ್ಪತ್ರೆಯಿಂದ ನೇರ ಬಂದ್ಯಾ? ಡಾಕ್ಟರು ಏನಂದ್ರು?... ಕೈಚೆಲ್ಲಿಬಿಟ್ರಾ? ಅಯ್ಯೋ ದೇವರೇ...

ಹೇಗೆ ಹೇಳ್ಲಿ ನಿಂಗೆ... ಆ ಚಕ್ರ ಅಚ್ಚಿಗೆ ಹೊಯ್ದ ಲೋಹ ಅಲ್ಲ. ಐದು ಲೋಹ ಸಮಸಮ ಬೆರೆಸಿದ ಪುಡಿ, ಹೈ ಎಂಟ್ರೋಪಿ ಅಂತಾರೆ. ಒಂದು ಪದರ ಹರಡ್ತಾರೆ, ಲೇಸರ್ ಕರಗಿಸುತ್ತೆ, ಅದರ ಮೇಲೆ ಇನ್ನೊಂದು, ಮತ್ತೊಂದು, ಹೀಗೆ ಪ್ರಿಂಟ್ ಮಾಡ್ತಾರೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆರಿ ಗಟ್ಟಿ! ಅದಕ್ಕೇ ಒಳಗಿನ ಹರಳೆಲ್ಲ ಕಂಬ ನಿಲ್ಲಿಸಿದ ಹಾಗೆ ಸಣ್ಣಗೆ, ಉದ್ದುದ್ದ ಬೆಳೀತವೆ. ಅಚ್ಚಲ್ಲಾದ್ರೆ ನಿಧಾನ ಆರಿ ದಪ್ಪ ದಪ್ಪ... ಯಾಕೆ ಹಾಗೆ ನೋಡ್ತೀಯಾ? ಪಾಠ ಒಪ್ಪಿಸ್ತಿದ್ದಾನೆ ಅಂತಾನಾ? ಲೋಹದಲ್ಲೇ ತಪ್ಪಿತ್ತಾ ಅಂತ ಕೇಳಿದ್ದು ನೀನೇ ತಾನೇ!

ಬಾ, ಈ ಬಿಲ್ಲೆ ನೋಡು. ಚಕ್ರದ ಜೊತೇಲೇ ಪ್ರಿಂಟಾದ ತುಂಡು, ಮೇಲಿಂದ ಕೊಯ್ದಿದ್ದು. ಮುಖ ಕಾಣೋ ಹಾಗೆ ಉಜ್ಜಿದ್ದೀನಿ. ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಅದನ್ನೇ ಬರೆದೆ. ಏನು ಸುಳ್ಳು ಬರೆದೆ, ಹೇಳು?

ಹಾಂ... ಪದರಕ್ಕೂ ಪದರಕ್ಕೂ ಸರಿಯಾಗಿ ಬೆಸೀದೇ ಹೋದ್ರೆ ಅದು ಮೇಲಿಂದ ಕಾಣಲ್ಲ. ಪಕ್ಕದಿಂದಲೂ ಒಂದು ಕೊಯ್ದು ನೋಡ್ಬೇಕು. ನೋಡಿರ್ತೀವಿ! ಎರಡಕ್ಕೂ 'ಸರಿಯಿದೆ' ಅಂತ ಸಹಿ ಹಾಕಿದ್ದೀನಲ್ಲ... ಆ ಡ್ರಾಯರ್ ಯಾಕೆ ಎಳೀತೀಯಾ? ಇಡಕ್ಕಾ ಅದನ್ನ ಕೆಳಗೆ. ಹೌದು, ಅದೇ ಪಕ್ಕದಿಂದ ಕೊಯ್ದ ಬಿಲ್ಲೆ. ಬೆರಳಲ್ಲಿ ಸವರ್ಬೇಡ... ಒರಟಾ? ಅದು... ಅದು ಗರಗಸದ ಗೆರೆ. ಕೊಯ್ದಾಗ ಎಲ್ಲದಕ್ಕೂ ಬೀಳುತ್ತೆ. ಉಜ್ಜಿದ್ರೆ ಹೋಗುತ್ತೆ, ಆಗಲೇ ಒಳಗಿನದು ಕಾಣೋದು...

ಅಕ್ಕಾ. ಅದನ್ನ ಬೆಳಕಿಗೆ ಯಾಕೆ ಹಿಡೀತೀಯಾ?

ಅವತ್ತು ಭಾವ ಬಾಗಿಲಲ್ಲೇ ನಿಂತು, "ಬೇಗ ರಿಪೋರ್ಟ್ ಕೊಡಯ್ಯಾ, ಚಕ್ರ ಟೆಸ್ಟಿಗೆ ಏರಿಸ್ಬೇಕು" ಅಂತಿದ್ರು. ಎಷ್ಟು ಸಲ ನೋಡಿಲ್ಲ ನಾನು, ಒಂದು ಚೆನ್ನಾಗಿದ್ರೆ ಇನ್ನೊಂದೂ ಚೆನ್ನಾಗೇ ಇರುತ್ತೆ ಅಂದ್ಕೊಂಡೆ... ಬೈಯಕ್ಕಾ! ಕಪಾಳಕ್ಕೆ ಹೊಡಿ! ಆ ಬಿಲ್ಲೆ ಮಾತ್ರ ನನ್ನ ಕೈಗೆ ಕೊಡ್ಬೇಡ...

ನೋಡಿಲ್ಲ. ಅವತ್ತೂ ನೋಡಿಲ್ಲ, ಆಮೇಲೂ ನೋಡಿಲ್ಲ. ಉಜ್ಜೋದು ಹತ್ತು ನಿಮಿಷದ ಕೆಲಸ. ಚಕ್ರ ಸಿಡಿದಾಗಿಂದ, ಹನ್ನೆರಡು ದಿನದಿಂದ, ಕೈಗೆ ತಗೊಳ್ತೀನಿ, ಹಾಗೇ ಇಡ್ತೀನಿ. ಭಾವ ಹೇಗೂ ಏಳಲ್ಲ... ತಪ್ಪು ಅವರದೇ ಆಗಿರ್ಲಿ ಅಂತ ಬಿಟ್ಟುಬಿಟ್ಟೆ, ಅಕ್ಕಾ.