ಇಪ್ಪತ್ನಾಲ್ಕು ಡಿಗ್ರಿ ಚಳಿ

“ಐದು ನಿಮಿಷವೂ ಇರಲಿಲ್ಲ ಆ ರಿಪೇರಿಯವನು! ಹಾಗೇ ಹೋಗೋಕೆ ಬಿಟ್ರಲ್ಲ, ನಿಮಗೆ ಬಾಯಿರಲಿಲ್ವಾ?”

“ಕೂಗಬೇಡ ಮೈತ್ರೇಯಿ. ನಮ್ಮ ನಂಬರ್ ಬರಲಿ, ಇವರ ಗ್ರಹಚಾರ ಬಿಡಿಸ್ತೀನಿ.”

ಸ್ವೀಡನ್ನಿನ ಓರೆಬ್ರೂದಲ್ಲಿ ಮನೆ ಬೆಚ್ಚಗಿಡುವ ಹೀಟಿಂಗ್ ಕಂಪನಿಯೊಂದರ ಆಫೀಸಿನಲ್ಲಿ ನಾನೂ ಬಯ್ಯಲೆಂದೇ ಬಂದು ನಂಬರ್ ಚೀಟಿ ಹಿಡಿದು ಕೂತಿದ್ದೆ. ನಾನು ಕನ್ನಡದವನೆಂದು ಹಿಂದಿನ ಬೆಂಚಿನ ಗಂಡ ಹೆಂಡತಿಗೆ ಗೊತ್ತಿರಲಿಲ್ಲ.

“ಅತ್ತೆ ಎರಡು ಸ್ವೆಟರ್ ಹಾಕ್ಕೊಂಡು ಅವನೆದುರಿಗೇ ನಡುಗ್ತಿದ್ರು. ಹೀಗೇ ಆದ್ರೆ ಮೈಸೂರಿಗೆ ವಾಪಸ್ ಹೋಗ್ತೀನಿ ಅಂತಿದಾರೆ.”

“ಅವನು ಅಮ್ಮನ್ನ ನೋಡಲೇ ಇಲ್ಲ ಕಣೇ. ಗೋಡೆ ಮೇಲಿನ ಬಿಸಿ ಅಳೆಯೋ ಡಬ್ಬಿ ನೋಡಿದ. ಇಪ್ಪತ್ನಾಲ್ಕು ಡಿಗ್ರಿ ಇದೆ, ಇಷ್ಟು ಬಿಸಿ ಇದ್ರೆ ಹೀಟಿಂಗ್ ಶುರುವಾಗಲ್ಲ ಅಂದು ಹೊರಟೇಬಿಟ್ಟ.”

“ಯಾವ ಡಬ್ಬಿ? ದೇವರ ಮೇಲಿರೋದಾ?”

“ಹ್ಞೂಂ. ಅಮ್ಮ ಬಂದ ದಿನ ಅಲ್ಲೇ ತಾನೆ ದೇವರನ್ನ ಇಟ್ಟಿದ್ದು.”

“ಅವತ್ತಿಂದ ನಂದಾದೀಪಾನೂ ಅಲ್ಲೇ ಉರೀತಿದೆಯಲ್ರೀ, ಹಗಲೂ ರಾತ್ರಿ.”



“ಅಂದ್ರೆ ಮನೇಲಿ ಆ ಡಬ್ಬಿ ಒಂದೇ ಬೆಚ್ಚಗಿದೆ.”

“ಉರಿಯೋ ದೀಪ ಅವನ ಕಣ್ಣಿಗೆ ಬೀಳಲಿಲ್ವಾ?”

“ನಮ್ಮ ಕಣ್ಣಿಗೆ ಬಿತ್ತಾ? ಏಳು, ದೇವರನ್ನ ಆ ಕಡೆ ಗೋಡೆಗೆ ಇಡೋಣ.”

“ಅತ್ತೆ ಕದಲಿಸೋಕೆ ಬಿಡಬೇಕಲ್ಲ? ಏನಂತೀರಾ ಅವರಿಗೆ?”

“ದೇವರಿಗೆ ಸೆಖೆ ಆಗ್ತಿದೆಯಂತೆ ಅಂತೀನಿ.”

ಮೈತ್ರೇಯಿ ಜೋರಾಗಿ ನಕ್ಕಳು. ಇಬ್ಬರೂ ಟೋಪಿ ಹಾಕಿಕೊಂಡು ಹೊರಗೆ ಹೋದರು. ಅವರ ನಂಬರ್ ಪರದೆಯ ಮೇಲೆ ಬಂತು. ಅವರು ವಾಪಸ್ ಬರಲಿಲ್ಲ. ಮುಂದಿನ ನಂಬರ್ ನನ್ನದು; ಅವರ ಪಾಲಿನ ಬೈಗುಳವನ್ನೂ ಸೇರಿಸಿಕೊಂಡು ನಾನು ಎದ್ದೆ.